ನೆರೆಹೊಲದ ನೀರು: ಒಂದು ಉಪಮೆಯ ವಿಮರ್ಶೆ

ಹೊಸ ಶಾಸ್ತ್ರವೊಂದು ಕನ್ನಡಕ್ಕೆ ಬರುವಾಗ ಪರಿಭಾಷೆಗಿಂತ ಮೊದಲು ಉಪಮೆಗಳು ಬರುವುವು. ಪರಿಭಾಷೆಯನ್ನು ಪಂಡಿತರು ಪರೀಕ್ಷಿಸುವರು. ಉಪಮೆಯನ್ನು ಪರೀಕ್ಷಿಸುವವರು ವಿರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಅತಿವಾಹಕ ಕ್ಯೂಬಿಟ್‌ಗಳ ಸಂಶೋಧನೆ ನಡೆದಿರುವ ಈ ಕಾಲದಲ್ಲಿ ಈ ಉದಾಸೀನವು ಸಲ್ಲದು.

ಕ್ಯೂಬಿಟ್ಟೆಂಬುದು ಕ್ವಾಂಟಮ್ ಗಣಕದ ಮೂಲಘಟಕ. ಒಂದು ಕ್ಯೂಬಿಟ್ಟಿನ ಇರವು ನೆರೆಯದನ್ನು ಬಾಧಿಸುವುದೇ ಅದರ ದೊಡ್ಡ ತೊಡಕು. ರೋಣ, ನರಗುಂದಗಳ ಎರೆಭೂಮಿಯಲ್ಲಿ ಪಾಠ ಹೇಳುವ ಉಪಾಧ್ಯಾಯನಿಗೆ ಇಲ್ಲಿ ಒಂದು ಉಪಮೆ ತಾನಾಗಿ ಹೊಳೆಯತಕ್ಕುದು: ಮಲಪ್ರಭೆಯ ಕಾಲುವೆಯಿಂದ ಒಬ್ಬನು ಹಾಯಿಸಿದ ನೀರು ಒಡ್ಡಿನಡಿ ಜಿನುಗಿ ನೆರೆಹೊಲಕ್ಕೆ ಜವಳು ಹಿಡಿಸುವಂತೆ.

ಅಪೇಕ್ಷಿಸದ ನೆರೆಬಾಧೆಯೆಂಬ ಸಾಧಾರಣಧರ್ಮವು ಇಲ್ಲಿ ನಿಜವಾಗಿಯೂ ಉಂಟು. ಆದರೆ ಹೊಲದಲ್ಲಿ ಹರಿದುಹೋಗುವ ವಸ್ತುವೊಂದಿದೆ, ಉಪಮೇಯದಲ್ಲಿ ಅದಿಲ್ಲ. ನೆರೆಯ ಕ್ಯೂಬಿಟ್ ಸೊನ್ನೆಯ ಸ್ಥಿತಿಯಲ್ಲಿದ್ದರೆ ಇದರ ಆವೃತ್ತಿ ಒಂದು ಬಗೆ, ಒಂದರ ಸ್ಥಿತಿಯಲ್ಲಿದ್ದರೆ ಮತ್ತೊಂದು ಬಗೆ. ಸೆಕೆಂಡಿಗೆ ಸುಮಾರು ೫೦೦ ಕೋಟಿ ಕಂಪನಗಳಲ್ಲಿ ಹಲವು ಸಾವಿರಗಳ ವ್ಯತ್ಯಾಸ ಅಲ್ಪವೆಂದೇ ತೋರುವುದು. ಆದರೆ ಗಣಕವು ಸುಮ್ಮನಿರುವಾಗಲೂ ಅದು ಕೂಡುತ್ತ ಹೋಗಿ ಲೆಕ್ಕವನ್ನು ತಪ್ಪಿಸುವುದು.

ಹೆಚ್ಚಿನ ಹಾನಿಯಿರುವುದು ಪರಿಹಾರದ ವಿಷಯದಲ್ಲಿ. ಉಪಮೆಯನ್ನು ನಂಬಿದವನು ಒಡ್ಡನ್ನು ಎತ್ತರಿಸೆನ್ನುವನು, ಅಂದರೆ ಕ್ಯೂಬಿಟ್‌ಗಳನ್ನು ದೂರವಿರಿಸೆನ್ನುವನು. ಹಾಗೆ ಮಾಡಿದರೆ ಗಣನೆಗೆ ಬೇಕಾದ ಸಂಬಂಧವೂ ಕಡಿಯುವುದು. ವಿಜ್ಞಾನಿಗಳು ಹಿಡಿದ ಮಾರ್ಗವೇ ಬೇರೆ. ೨೦೧೮ರಲ್ಲಿ ಪ್ರಕಟವಾದ ಯೋಜನೆಯೊಂದರಂತೆ ಎರಡರ ನಡುವೆ ಮೂರನೆಯದೊಂದು ಸಂಯೋಜಕವನ್ನು ಇರಿಸುವರು. ನೇರವಾದ ಸಂಬಂಧಕ್ಕೂ ಸಂಯೋಜಕದ ಮೂಲಕ ಬಂದ ಸಂಬಂಧಕ್ಕೂ ವಿರುದ್ಧ ಚಿಹ್ನೆಗಳಿರುವುವು. ಸಂಯೋಜಕದ ಆವೃತ್ತಿಯನ್ನು ತಕ್ಕಂತೆ ಹೊಂದಿಸಿದರೆ ಅವೆರಡೂ ಬಹುಮಟ್ಟಿಗೆ ಪರಸ್ಪರ ಅಳಿಸಿಹೋಗುವುವು, ಬೇಕಾದಾಗ ಸಂಬಂಧವನ್ನು ಮತ್ತೆ ತೆರೆಯಲೂ ಬಹುದು. ೨೦೧೯ರಲ್ಲಿ ಗೂಗಲ್‌ನವರ ೫೩ ಕ್ಯೂಬಿಟ್‌ಗಳ ಗಣಕದಲ್ಲಿಯೂ, ೨೦೨೩ರ ಐಬಿಎಂನವರ ಹೆರಾನ್‌ನಲ್ಲಿಯೂ ಹೊಂದಿಸಬಲ್ಲ ಸಂಯೋಜಕಗಳಿದ್ದುವು. ಜಿನುಗುವ ನೀರಿನಲ್ಲಿ ಇದಕ್ಕೆ ಹೋಲಿಕೆಯೆಲ್ಲಿ? ನೀರಿಗೆ ನೀರು ಕೂಡಿದರೆ ಜವಳು ಹೆಚ್ಚುವುದೇ ಹೊರತು ಹೊಲ ಒಣಗದು.

ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ನಾಗಕುಂಡವೆಂಬ ಕಲ್ಲುಕಟ್ಟಿನ ಕೊಳವಿದೆ. ಅಂಥ ನಿಂತ ನೀರಿಗೆ ಎರಡು ಕಲ್ಲುಗಳನ್ನೆಸೆದರೆ, ಒಂದರ ತೆರೆಯ ಏರು ಇನ್ನೊಂದರ ಇಳಿವನ್ನು ಸಂಧಿಸಿದಲ್ಲಿ ನೀರು ಅಲುಗದು. ಪರಿಹಾರಕ್ಕೆ ಈ ಉಪಮಾನವೇ ಯೋಗ್ಯ. ಆದರೆ ನೆರೆಯ ಬಾಧೆಯ ಕ್ಲೇಶ ಇದರಲ್ಲಿ ತೋರದು. ಅಷ್ಟು ಮಟ್ಟಿಗೆ ನರಗುಂದದ ಹೊಲವೇ ಮೇಲು. ಪಾಠವನ್ನು ಅಲ್ಲಿ ಆರಂಭಿಸಿ, ಪರಿಹಾರದ ಪ್ರಸ್ತಾಪ ಬಂದೊಡನೆ ಸೂಡಿಯ ಕೊಳಕ್ಕೆ ಬರುವುದು ಉಚಿತ.