ಗಡಿ ಗೀಟಿ ಹಾಡಿಸಿದ ಸ್ಪರ್ಧೆ: ‘ಸುರ್ ಕ್ಷೇತ್ರ’ ಮತ್ತು ಅದರ ಪ್ರೇಕ್ಷಕರು

‘ಸುರ್ ಕ್ಷೇತ್ರ’ ಭಾರತ ಮತ್ತು ಪಾಕಿಸ್ತಾನದ ಯುವ ಗಾಯಕರನ್ನು ಎರಡು ತಂಡಗಳಾಗಿ ಎದುರುಬದುರು ನಿಲ್ಲಿಸಿ ಹಾಡಿಸಿದ ಟೀವಿ ಸ್ಪರ್ಧೆ. ಇದರ ಪ್ರಸಾರ 2012ರ ಸೆಪ್ಟೆಂಬರ್ 8ರಂದು ಶುರುವಾಯಿತು. ಭಾರತದಲ್ಲಿ ಕಲರ್ಸ್ ಮತ್ತು ಸಹಾರಾ ಒನ್ ವಾಹಿನಿಗಳು, ಪಾಕಿಸ್ತಾನದಲ್ಲಿ ಜಿಯೋ ಟೀವಿ ಇದನ್ನು ಬಿತ್ತರಿಸಿದವು. ಚಿತ್ರೀಕರಣ ನಡೆದದ್ದು ಎರಡೂ ದೇಶಗಳ ಹೊರಗೆ, ದುಬೈಯಲ್ಲಿ. ಭಾರತ ತಂಡಕ್ಕೆ ಹಿಮೇಶ್ ರೇಶಮಿಯಾ ನಾಯಕ, ಪಾಕಿಸ್ತಾನ ತಂಡಕ್ಕೆ ಆತಿಫ್ ಅಸ್ಲಂ. ತೀರ್ಪುಗಾರರ ಕುರ್ಚಿಯಲ್ಲಿ ಭಾರತದ ಆಶಾ ಭೋಸ್ಲೆ, ಪಾಕಿಸ್ತಾನದ ಆಬಿದಾ ಪರ್ವೀನ್ ಮತ್ತು ಬಾಂಗ್ಲಾದೇಶದ ರೂನಾ ಲೈಲಾ ಇದ್ದರು. ನಿರೂಪಣೆ ಆಯೇಷಾ ಟಾಕಿಯಾ ಅವರದು. ಇದನ್ನು ರೂಪಿಸಿದ ಗಜೇಂದ್ರ ಸಿಂಗ್, 1990ರ ದಶಕದಲ್ಲಿ ಜೀ ಟೀವಿಗೆ ‘ಅಂತ್ಯಾಕ್ಷರಿ’ ಮತ್ತು ‘ಸಾ ರೆ ಗ ಮ’ ಕಟ್ಟಿಕೊಟ್ಟವರು. ಹಾಡಿನ ಸ್ಪರ್ಧೆಯನ್ನು ಭಾರತದ ಮನೆಮನೆಗೆ ತಲುಪಿಸಿದ ಅನುಭವ ಅವರ ಬೆನ್ನಿಗಿತ್ತು. ಆದ್ದರಿಂದ ಈ ಕಾರ್ಯಕ್ರಮದ ಲೋಪಗಳನ್ನು ಅನನುಭವದ ಖಾತೆಗೆ ಹಾಕುವಂತಿಲ್ಲ.

ಪ್ರಸಾರಕ್ಕೆ ಮೊದಲೇ ವಿವಾದ ಎದ್ದಿತು. 2008ರ ಮುಂಬೈ ದಾಳಿಯ ನೋವು ಆರಿರಲಿಲ್ಲ. ರಾಜ್ ಠಾಕ್ರೆ ಅವರ ಮಹಾರಾಷ್ಟ್ರ ನವನಿರ್ಮಾಣ ಸೇನೆ ಪಾಕಿಸ್ತಾನಿ ಕಲಾವಿದರ ಪಾಲ್ಗೊಳ್ಳುವಿಕೆಯನ್ನು ವಿರೋಧಿಸಿತು. ಸಾಂಗಲಿಯಲ್ಲಿ ಹುಟ್ಟಿದ, ಮರಾಠಿ ಮನೆಗಳಲ್ಲಿ ಸ್ವಂತ ಮಗಳೆಂದೇ ಬೆಳೆದ ಆಶಾ ಭೋಸ್ಲೆ ಅವರೂ ಟೀಕೆಯ ಗುರಿಯಾದರು. ಅತಿಥಿ ದೇವರ ಸಮಾನ ಎಂಬ ಮಾತನ್ನು ಮುಂದಿಟ್ಟುಕೊಂಡು ಅವರು ಕಾರ್ಯಕ್ರಮದ ಪರ ನಿಂತರು. ಹೀಗಾಗಿ ಒಂದು ಸ್ವರ ಕೇಳುವ ಮುನ್ನವೇ ಪ್ರೇಕ್ಷಕರು ಎರಡು ಪಾಳಯವಾಗಿದ್ದರು. ಹಾಡಿನ ಸ್ಪರ್ಧೆಯೊಂದಕ್ಕೆ ಇದಕ್ಕಿಂತ ಕೆಟ್ಟ ಆರಂಭ ಇರಲಾರದು.

ಮಹಾರಾಷ್ಟ್ರದ ಪ್ರೇಕ್ಷಕ ಎಂದರೆ ಮುಂಬೈ ಮಾತ್ರವಲ್ಲ. ಪುಣೆ–ಸೋಲಾಪುರ ಹೆದ್ದಾರಿಯ ಮೇಲಿರುವ ಇಂದಾಪುರದಂಥ ತಾಲ್ಲೂಕು ಕೇಂದ್ರಗಳನ್ನು ಲೆಕ್ಕಕ್ಕೆ ತಂದುಕೊಂಡರೆ ಚಿತ್ರ ಬದಲಾಗುತ್ತದೆ. ಕೇಬಲ್ ಡಿಜಿಟಲೀಕರಣ 2012ರಲ್ಲಿ ಮಹಾನಗರಗಳಿಗಷ್ಟೇ ಬಂದಿತ್ತು. ಪುಣೆ, ಸೋಲಾಪುರಗಳ ಸರದಿ ಮರುವರ್ಷದ್ದು, ಸಣ್ಣ ಪಟ್ಟಣಗಳದು ಇನ್ನೂ ಆಚೆಗೆ. ಇಂಥ ಊರುಗಳ ಕಿವಿ ತಿದ್ದಿದ್ದು ಟೀವಿಯಲ್ಲ. ದೇಹೂವಿನಿಂದ ಪಂಢರಪುರಕ್ಕೆ ಹೊರಡುವ ತುಕಾರಾಮರ ಪಲ್ಲಕ್ಕಿ ಪ್ರತಿವರ್ಷ ಇಂದಾಪುರದಲ್ಲಿ ತಂಗುತ್ತದೆ. ಅಲ್ಲಿ ಭಕ್ತರ ವೃತ್ತದ ನಡುವೆ ಕುದುರೆ ಓಡಿಸುವ ರಿಂಗಣವೂ ನಡೆಯುತ್ತದೆ. ವೀಣೆ, ಪಖವಾಜು, ತಾಳಗಳೊಂದಿಗೆ ಒಂದರ ಹಿಂದೊಂದು ದಿಂಡಿ, ಅಂದರೆ ಭಕ್ತರ ತಂಡ, ಸಾಗುವಾಗ ಯಾರ ಕಂಠ ದೊಡ್ಡದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಾಗೆಂದು ಈ ಸೀಮೆಯ ಕೇಳುಗರಿಗೆ ಹೋಲಿಸಿ ನೋಡುವುದು ತಿಳಿಯದೆಂದಲ್ಲ. ಭಜನೆ ಸ್ಪರ್ಧೆಗಳು ಮಹಾರಾಷ್ಟ್ರದ ಹಳ್ಳಿಗಳಿಗೆ ಹೊಸವಲ್ಲ. ಪಖವಾಜಿನವನು ಲಯ ಬಿಟ್ಟದ್ದು, ಗಾಯಕ ಅಭಂಗದ ಚರಣ ನುಂಗಿದ್ದು ಅಲ್ಲಿ ಕೂಡಲೇ ಗೊತ್ತಾಗುತ್ತದೆ. ಗದಗಿನ ನೆಲದಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಸಂತವಾಣಿಯನ್ನು ಮರಾಠಿಗರೂ, ದಾಸವಾಣಿಯನ್ನು ಕನ್ನಡಿಗರೂ ಒಂದೇ ಮನಸ್ಸಿನಿಂದ ಕೇಳಿದ್ದಾರೆ. ಆ ಕಿವಿಗೆ ‘ಸುರ್ ಕ್ಷೇತ್ರ’ ಏನು ಕೊಟ್ಟಿತು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಗಾಯನದ ಮಟ್ಟದ ಬಗ್ಗೆ ತಕರಾರಿಲ್ಲ. ಎರಡೂ ಕಡೆ ತಯಾರಾದ ಕಂಠಗಳಿದ್ದವು. ಕೊನೆಗೆ ಗೆದ್ದ ಪಾಕಿಸ್ತಾನದ ನಬೀಲ್ ಶೌಕತ್ ಅಲಿ ಶಾಸ್ತ್ರೀಯ ತಳಹದಿ ಇದ್ದ ಗಾಯಕ. ಭಾರತ ತಂಡದಲ್ಲಿದ್ದ ಪಂಜಾಬಿನ ದಿಲ್‌ಜಾನ್ ಅವರದು ಸೂಫಿ ಹಾಡುಗಾರಿಕೆಯಲ್ಲಿ ಪಳಗಿದ ದನಿ. ಇವರು ಹಾಡಿದ್ದನ್ನು ದೇಶದ ಹೆಸರು ಮರೆತು ಕೇಳಿದರೆ, ಗಡಿಯ ಎರಡೂ ಬದಿಯ ಪಂಜಾಬಿನಲ್ಲಿ ಒಂದೇ ಗಾಯನ ಪರಂಪರೆ ಇನ್ನೂ ಉಸಿರಾಡುತ್ತಿರುವುದು ಸ್ಪಷ್ಟವಾಗುತ್ತದೆ. ಇಷ್ಟು ಬೆಲೆಯುಳ್ಳ ಸಂಗತಿಯನ್ನು ಕಾರ್ಯಕ್ರಮ ತಾನೇ ಮುಚ್ಚಿಟ್ಟಿತು. ಪ್ರತಿ ಹಾಡಿನ ಬೆನ್ನಿಗೆ ಬಂದದ್ದು ನಾಯಕರ ವಾಗ್ವಾದ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುವುದು, ಅಂಕದ ಬಗ್ಗೆ ಮುನಿಸು, ಅದಕ್ಕೆ ತಕ್ಕ ಅಬ್ಬರದ ಹಿನ್ನೆಲೆ ಸಂಗೀತ. ಹಾಡು ಮುಗಿದಾಗ ಕೇಳುಗನ ಮನಸ್ಸಿನಲ್ಲಿ ಉಳಿಯಬೇಕಾದ ಕೊನೆಯ ಸ್ವರವನ್ನು ಈ ಗದ್ದಲ ನುಂಗಿಹಾಕುತ್ತಿತ್ತು.

ತೀರ್ಪುಗಾರರ ಆಯ್ಕೆ ಮಾತ್ರ ಈ ಸ್ಪರ್ಧೆಯಲ್ಲಿ ನಿಜಕ್ಕೂ ವಿವೇಕದ ತೀರ್ಮಾನ. ಆಶಾ ಭೋಸ್ಲೆ ಸಿನಿಮಾ ಗಾಯನದ ಎಲ್ಲ ಪಟ್ಟುಗಳನ್ನೂ ಬಲ್ಲವರು. ಲಾರ್ಕಾನಾದ ಆಬಿದಾ ಪರ್ವೀನ್ ಸಿಂಧಿ ಕಾಫಿ ಗಾಯನ ಮತ್ತು ಸೂಫಿ ಕಲಾಮಿನ ಮೇರು. ರೂನಾ ಲೈಲಾ ಅವರಂತೂ ಮೂರು ದೇಶಗಳಲ್ಲೂ ಮನೆಮಾತಾದವರು: ಸಿಲ್ಹೆಟ್‌ನಲ್ಲಿ ಹುಟ್ಟಿ, ಪಾಕಿಸ್ತಾನದಲ್ಲಿ ವೃತ್ತಿ ಆರಂಭಿಸಿ, ಬಾಂಗ್ಲಾದೇಶಕ್ಕೆ ಮರಳಿ, 1970ರ ದಶಕದಲ್ಲಿ ಭಾರತದ ವೇದಿಕೆಗಳನ್ನು ಗೆದ್ದವರು. ಇಂಥ ಮೂವರು ಒಂದು ಹಾಡಿನ ಬಗ್ಗೆ ಹತ್ತು ನಿಮಿಷ ಬಿಡಿಸಿ ಮಾತಾಡಿದ್ದರೆ ಉಪಖಂಡದ ಕೇಳುಗರಿಗೆ ಅದೊಂದು ಪಾಠವಾಗುತ್ತಿತ್ತು. ಸಮಯವೆಲ್ಲ ಜಗಳಕ್ಕೆ ಹೋಯಿತು.

ಇನ್ನೊಂದು ಲೋಪ ಸ್ಪರ್ಧೆಯ ಬೇರಿನಲ್ಲೇ ಇದೆ. ಯೂರೋಪಿನಲ್ಲಿ 1956ರಿಂದ ನಡೆಯುತ್ತಿರುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಪಕ್ಕದಲ್ಲಿಟ್ಟರೆ ಅದು ಕಾಣುತ್ತದೆ. ಮೊದಲ ವರ್ಷ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳು ಸೇರಿದ್ದವು. ಹಾಡು ಹೊಸದಾಗಿರಬೇಕು, ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು, ಮುಖ್ಯ ಗಾಯನ ಅಲ್ಲೇ ನೇರವಾಗಿ ಆಗಬೇಕು ಎಂಬ ಕಟ್ಟುಪಾಡುಗಳಿವೆ. ಅಲ್ಲಿ ತೂಗುವುದು ಕವಿ, ಸಂಗೀತ ಸಂಯೋಜಕ, ಗಾಯಕ ಮೂವರೂ ಸೇರಿ ಮಾಡಿದ ಹೊಸ ಕೃತಿಯನ್ನು. 1974ರಲ್ಲಿ ಗೆದ್ದ ಸ್ವೀಡನ್ನಿನ ‘ವಾಟರ್‌ಲೂ’ ಅಬ್ಬಾ ತಂಡದವರೂ ಸೇರಿ ಮಾಡಿದ ಹೊಸ ರಚನೆಯಾಗಿತ್ತು. ನಮ್ಮಲ್ಲಿ ಹಾಗಲ್ಲ. ‘ಸುರ್ ಕ್ಷೇತ್ರ’ವೂ ಸೇರಿದಂತೆ ಭಾರತದ ಬಹುತೇಕ ಸ್ಪರ್ಧೆಗಳು ಈಗಾಗಲೇ ಪ್ರಸಿದ್ಧವಾದ ಸಿನಿಮಾ ಹಾಡುಗಳನ್ನು ಮತ್ತೆ ಹಾಡಿಸುತ್ತವೆ. ಹಾಡುವವನ ಪಕ್ಕದಲ್ಲಿ ಲತಾ, ರಫಿ, ನೂರ್‌ಜಹಾನ್, ಮೆಹ್ದಿ ಹಸನ್ ಅವರ ಮೂಲ ಧ್ವನಿ ಕಾಣದಂತೆ ನಿಂತಿರುತ್ತದೆ. ಚರ್ಚೆಯೂ ಮೂಲಕ್ಕೆ ಎಷ್ಟು ಹತ್ತಿರ ಬಂದ ಎಂಬಲ್ಲಿಗೆ ನಿಲ್ಲುತ್ತದೆ. ಎರಡು ದೇಶಗಳ ಕವಿಗಳು, ಸಂಯೋಜಕರು ತಮ್ಮ ಕಾಲದ ಹೊಸ ಹಾಡನ್ನು ಮುಂದಿಟ್ಟು ಪೈಪೋಟಿ ನಡೆಸಿದ್ದರೆ ಜನ ವಾದಿಸಲು ಬೇರೆಯೇ ಸರಕು ಸಿಗುತ್ತಿತ್ತು.

ಗಡಿಯ ವಿಷಯದಲ್ಲೂ ಬೇರೆ ದಾರಿ ಇತ್ತು, ಅದಾಗಲೇ ಪ್ರಯೋಗಕ್ಕೆ ಬಂದಿತ್ತು. 2010ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ ‘ಛೋಟೆ ಉಸ್ತಾದ್’ ಸ್ಪರ್ಧೆಯ ಆವೃತ್ತಿಯಲ್ಲಿ ಒಬ್ಬ ಭಾರತೀಯ ಮಗು, ಒಬ್ಬ ಪಾಕಿಸ್ತಾನಿ ಮಗು ಜೋಡಿಯಾಗಿ ಹಾಡಿದವು. ರಾಹತ್ ಫತೇ ಅಲಿ ಖಾನ್ ಮತ್ತು ಸೋನು ನಿಗಮ್ ತೀರ್ಪುಗಾರರು. ಆ ಏರ್ಪಾಟಿನಲ್ಲಿ ಯಾವ ಜೋಡಿ ಸೋತರೂ ಎರಡೂ ದೇಶ ಸೋಲುತ್ತಿತ್ತು, ಗೆದ್ದರೆ ಎರಡೂ ಗೆಲ್ಲುತ್ತಿತ್ತು. ನಿಯಮ ಒಂದನ್ನು ಬದಲಿಸಿದ್ದಕ್ಕೇ ವಾದದ ದಿಕ್ಕು ಬದಲಾಗಿ, ಈ ಎರಡು ದನಿ ಹೊಂದುತ್ತವೆಯೇ ಎಂಬುದು ಮುಖ್ಯವಾಯಿತು. ಎರಡೇ ವರ್ಷದ ನಂತರ ಬಂದ ‘ಸುರ್ ಕ್ಷೇತ್ರ’ ಈ ಮಾದರಿಯನ್ನು ಕೈಬಿಟ್ಟು ಕ್ರಿಕೆಟ್ಟಿನ ಮಾದರಿ ಹಿಡಿಯಿತು. ಅದೇ 2012ರ ಡಿಸೆಂಬರ್ 25ರಂದು ಪಾಕಿಸ್ತಾನದ ಕ್ರಿಕೆಟ್ ತಂಡ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟಿ20 ಪಂದ್ಯ ಆಡಿ ಗೆದ್ದಿತು. ಆಟದಲ್ಲಿ ಓಟಗಳ ಲೆಕ್ಕವಿದೆ, ಸೋಲು ಗೆಲುವು ಕಣ್ಣಿಗೆ ಕಾಣುತ್ತದೆ. ಠುಮ್ರಿಯ ಒಂದು ಮುರ್ಕಿಯನ್ನು ಹಾಗೆ ಎಣಿಸಲಾಗದು.

ಸ್ಪರ್ಧೆಯ ಚರ್ಚೆ ಹಾಡು ಬಿಟ್ಟು ಅಸ್ಮಿತೆಗೆ ಜಾರುವುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2007ರ ‘ಇಂಡಿಯನ್ ಐಡಲ್’ ಸಾಕ್ಷಿ. ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಪರ ಗೂರ್ಖಾ ಸಮುದಾಯ ಹಣ ಕೂಡಿಸಿ ಎಸ್ಸೆಮ್ಮೆಸ್ ಕಳಿಸಿತು. ಶಿಲಾಂಗಿನ ಅಮಿತ್ ಪಾಲ್ ಬೆನ್ನಿಗೆ ಮೇಘಾಲಯ ನಿಂತಿತು. ತಮಾಂಗ್ ಗೆದ್ದ ಮೇಲೆ ರೇಡಿಯೊ ನಿರೂಪಕರೊಬ್ಬರು ಗೂರ್ಖಾರ ಬಗ್ಗೆ ಆಡಿದ ಹಗುರ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯಾಗಿ ಕರ್ಫ್ಯೂ ಹೇರಬೇಕಾಯಿತು. ಆ ಮತಸಂಗ್ರಹದ ಹುರುಪಿನಲ್ಲಿ ಮುಂದೆ ಬಂದ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಕಡೆಗಣಿಸಲ್ಪಟ್ಟ ಸಮುದಾಯವೊಂದು ತನ್ನವನನ್ನು ಟೀವಿಯಲ್ಲಿ ಕಂಡು ಉಬ್ಬಿದ್ದನ್ನು ತಪ್ಪೆನ್ನಲಾಗದು. ತಪ್ಪಿರುವುದು ಹಣ ಕೊಟ್ಟಷ್ಟೂ ಮತ ಹಾಕಬಹುದು ಎಂಬ ನಿಯಮದಲ್ಲಿ.

ಈ ಬೇನೆ ಯೂರೋವಿಷನ್ನಿಗೂ ಇದೆ. ಗ್ರೀಸ್ ಮತ್ತು ಸೈಪ್ರಸ್ ಒಂದಕ್ಕೊಂದು ಪೂರ್ತಿ 12 ಅಂಕ ಕೊಟ್ಟುಕೊಳ್ಳುವುದು ಅಲ್ಲಿನ ನೋಡುಗರಿಗೆ ಹಳೆಯ ಸಂಗತಿ. ಆದರೆ ಅವರು ಮದ್ದನ್ನೂ ಹುಡುಕಿಕೊಂಡಿದ್ದಾರೆ. ಯಾವ ದೇಶದ ಪ್ರೇಕ್ಷಕರೂ ತಮ್ಮದೇ ದೇಶಕ್ಕೆ ಮತ ಹಾಕುವಂತಿಲ್ಲ. ತಜ್ಞರ ಅಂಕ, ಜನರ ಅಂಕ ಬೇರೆ ಬೇರೆಯಾಗಿ ಪ್ರಕಟವಾಗುತ್ತವೆ. 2022ರಲ್ಲಿ ಗೆದ್ದ ಯುಕ್ರೇನಿಗೆ ತಜ್ಞರಿಂದ ಬಂದದ್ದು 192, ಜನರಿಂದ 439. ಯುದ್ಧದ ಮರುಕ ಎಷ್ಟು ತೂಗಿತು ಎಂಬುದನ್ನು ಯಾರು ಬೇಕಾದರೂ ಈ ಅಂಕಿಗಳಿಂದ ಅಂದಾಜು ಮಾಡಬಹುದು. 2023ರಲ್ಲಿ ಸ್ವೀಡನ್ನಿನ ಲೊರೀನ್ 583 ಅಂಕದಿಂದ ಗೆದ್ದರು, ಜನಮತದಲ್ಲಿ ಮಾತ್ರ ಫಿನ್‌ಲೆಂಡಿನ ಕಾರಿಯಾ 376 ಪಡೆದು ಅವರ 243ನ್ನು ಬಹಳ ಹಿಂದೆ ಹಾಕಿದ್ದರು. ಈ ಎರಡು ಅಂಕಪಟ್ಟಿಗಳು ಬಹಿರಂಗವಾಗಿರುವುದರಿಂದಲೇ ಅಲ್ಲಿ ವಾದಕ್ಕೊಂದು ನೆಲೆ ಇದೆ. ಭಾರತದ ವಾಹಿನಿಗಳು ಪೂರ್ಣ ಮತವಿವರ ಬಿಚ್ಚಿಡುವುದು ಅಪರೂಪ. ಹಾಗಾಗಿ ನಮ್ಮ ವಾದಗಳು ಗುಮಾನಿಯಿಂದ ಹುಟ್ಟಿ ಗುಮಾನಿಯಲ್ಲೇ ಮುಗಿಯುತ್ತವೆ.

ಒಳ್ಳೆಯ ಚರ್ಚೆ ನಮ್ಮಲ್ಲಿ ಸಾಧ್ಯವೇ ಇಲ್ಲವೆನ್ನಲು ಕಾರಣವಿಲ್ಲ. ಈಟೀವಿ ಕನ್ನಡದ ಹಾಡಿನ ಸ್ಪರ್ಧೆ ‘ಎದೆ ತುಂಬಿ ಹಾಡುವೆನು’ ಅದನ್ನು ವರ್ಷಗಟ್ಟಲೆ ಸಾಧಿಸಿ ತೋರಿಸಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಲ್ಲಿ ತೀರ್ಪಿಗಿಂತ ಹೆಚ್ಚಾಗಿ ಪಾಠ ಮಾಡಿದರು. ಮಗು ಹಾಡಿ ಮುಗಿಸಿದ ಮೇಲೆ ಆ ಹಾಡು ಬರೆದ ಕವಿ ಯಾರು, ರಾಗ ಹಾಕಿದವರು ಯಾರು, ಮೂಲದಲ್ಲಿ ಆ ಸಾಲನ್ನು ಹಾಡುವುದು ಯಾಕೆ ಕಷ್ಟ ಎಂದು ವಿವರಿಸುತ್ತಿದ್ದರು. ‘ಳ’ ಹೋಗಿ ‘ಲ’ ಆದರೆ, ಮಹಾಪ್ರಾಣ ಸಣ್ಣದಾದರೆ ಅಲ್ಲೇ ತಿದ್ದಿ, ತಾವೇ ಒಮ್ಮೆ ಹಾಡಿ ತೋರಿಸುತ್ತಿದ್ದರು. ತಿದ್ದಿಸಿಕೊಂಡ ಮಗುವಿನ ಮುಖ ಬಾಡದಂತೆ ನೋಡಿಕೊಳ್ಳುವ ಜಾಣ್ಮೆಯೂ ಅವರಿಗಿತ್ತು. ತೆಲುಗು ಮಾತೃಭಾಷೆಯ ಒಬ್ಬರು ಕನ್ನಡದ ಮಕ್ಕಳಿಗೆ ಕನ್ನಡದ ಉಚ್ಚಾರ ಕಲಿಸಿದ್ದನ್ನು ನೋಡಿದ ಮನೆಗಳು ಆ ರಾತ್ರಿ ಜಗಳವಾಡಿದ್ದು ಹಾಡಿನ ಬಗ್ಗೆಯೇ.

ತರಬೇತಿ ಪಡೆದ ಸಿನಿಮಾ ಕಂಠದ ಪಕ್ಕದಲ್ಲಿ ನೆಲದ ಕಂಠವನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆಯೂ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಗಂಭೀರವಾಗಿ ಎದ್ದಿದೆ. 2009ರಲ್ಲಿ ಜೀ ಮರಾಠಿಯ ‘ಲಿಟಲ್ ಚಾಂಪ್ಸ್’ ಗೆದ್ದವರು ಪುಣೆ ಜಿಲ್ಲೆಯ ಆಳಂದಿಯ ಕಾರ್ತಿಕಿ ಗಾಯಕವಾಡ್. ಅಭಂಗ, ಗೌಳಣದಂಥ ಭಕ್ತಿಗೀತೆಗಳ ತೆರೆದ ಗಂಟಲು ಅವರದು. ಪುಣೆಯದೇ ಆರ್ಯಾ ಅಂಬೇಕರ್ ಅವರ ನಯವಾದ ಗಾಯನಕ್ಕೆ ಪ್ರಶಸ್ತಿ ಸಲ್ಲಬೇಕಿತ್ತು ಎನ್ನುವವರು ಈಗಲೂ ಸಿಗುತ್ತಾರೆ. ಹತ್ತು ವರ್ಷದ ಬಳಿಕ ಜೀ ಕನ್ನಡದ ‘ಸರಿಗಮಪ’ದಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಎರಡನೆಯ ಸ್ಥಾನಕ್ಕೆ ಬಂದಾಗ ಅದೇ ವಾದ ಕನ್ನಡದಲ್ಲಿ ನಡೆಯಿತು. ಅವರಿಗೆ ಸಿಕ್ಕಿದ್ದು ಅನುಕಂಪದ ಮತ ಎಂದವರು ಜಾನಪದದ ಲಯಜ್ಞಾನವನ್ನು ಕಡಿಮೆ ಅಂದಾಜು ಮಾಡಿದ್ದರು. ಪಲ್ಲಕ್ಕಿಯ ಹಿಂದೆ ಹಾಡುತ್ತ ನಡೆದವರಿಗೆ ಈ ತಪ್ಪು ಎದ್ದು ಕಾಣುತ್ತದೆ. ಎರಡೂ ವಾದಗಳಲ್ಲಿ ಅತಿರೇಕವಿತ್ತು, ಆದರೂ ಅವು ದನಿ, ಲಯ, ಶೈಲಿಗಳ ಸುತ್ತಲೇ ನಡೆದವು. ಇಂಥ ವಾದ ಎಷ್ಟು ಬಿಸಿಯಾದರೂ ಕೇಳ್ಮೆಯನ್ನು ಬೆಳೆಸುತ್ತದೆ.

‘ಸುರ್ ಕ್ಷೇತ್ರ’ದ ನಂತರ ಬಾಗಿಲುಗಳು ಮುಚ್ಚುತ್ತ ಬಂದವು. 2015ರ ಅಕ್ಟೋಬರಿನಲ್ಲಿ ವಿರೋಧದಿಂದಾಗಿ ಗುಲಾಮ್ ಅಲಿ ಅವರ ಮುಂಬೈ, ಪುಣೆ ಕಛೇರಿಗಳು ರದ್ದಾದವು. 2016ರ ಉರಿ ದಾಳಿ, 2019ರ ಪುಲ್ವಾಮಾ ದಾಳಿಗಳ ಬಳಿಕ ಚಿತ್ರೋದ್ಯಮದ ಸಂಘಟನೆಗಳು ಪಾಕಿಸ್ತಾನಿ ಕಲಾವಿದರನ್ನು ದೂರವಿಟ್ಟವು. ಸ್ಪರ್ಧೆಯೇ ಇಲ್ಲದ ದಾರಿಯೂ ಒಂದಿತ್ತು. ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟ 2012ರಲ್ಲಿ ಸಿಯೋಲ್‌ನಲ್ಲಿ ಆರಂಭಿಸಿದ ಟೀವಿ ಹಾಡಿನ ಉತ್ಸವ 2022ರಲ್ಲಿ ದೆಹಲಿಗೂ ಬಂದಿತ್ತು. ಅಲ್ಲಿ ಅಂಕವಿಲ್ಲ, ಗೆಲುವಿಲ್ಲ. ಅದರ ಬಗ್ಗೆ ಮನೆಗಳಲ್ಲಿ ವಾದವೂ ನಡೆಯಲಿಲ್ಲ. ಸ್ಪರ್ಧೆಯನ್ನೇ ತೆಗೆದುಹಾಕಿದರೆ ನೋಡುಗನ ಪಾಲೂ ಹೋಗುತ್ತದೆ ಎಂಬುದು ಇದರಿಂದ ತಿಳಿಯುವ ಅಂಶ.

ಈ ಎಲ್ಲವನ್ನೂ ತೂಗಿದಾಗ ‘ಸುರ್ ಕ್ಷೇತ್ರ’ ಒಳ್ಳೆಯ ಗಾಯಕರನ್ನೂ ಅದಕ್ಕಿಂತ ಒಳ್ಳೆಯ ತೀರ್ಪುಗಾರರನ್ನೂ ಒಟ್ಟುಗೂಡಿಸಿ, ಅವರ ಯೋಗ್ಯತೆಗೆ ತಕ್ಕ ನಿಯಮ ರೂಪಿಸದೆ ಹೋದ ಸ್ಪರ್ಧೆ. ಇಂಥದ್ದನ್ನು ಮುಂದೆ ಯಾರಾದರೂ ಕಟ್ಟುವುದಾದರೆ ಹೊಸ ಹಾಡುಗಳನ್ನೇ ಕೇಳಲಿ, ಗಡಿಯ ಎರಡೂ ಬದಿಯವರನ್ನು ಒಂದೇ ತಂಡದಲ್ಲಿ ಹಾಡಿಸಲಿ, ತಜ್ಞರ ಮತ್ತು ಜನರ ಅಂಕಗಳನ್ನು ಬೇರೆ ಬೇರೆಯಾಗಿ ಪ್ರಕಟಿಸಲಿ.