ಗುಲಾಮನ ಗಂಟೆ, ರೈತನ ಗಂಟೆ

ಅಂತರ್ಯುದ್ಧಕ್ಕೆ ಮುನ್ನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇರೂರಿದ್ದ ಗುಲಾಮಗಿರಿಯನ್ನು ಕುರಿತ ಎರಡು ಕೃತಿಗಳು ಅರ್ಥಶಾಸ್ತ್ರಜ್ಞ ರಾಬರ್ಟ್ ಫೋಗೆಲ್ ಅವರ ಹೆಸರಿನೊಡನೆ ಸೇರಿಕೊಂಡಿವೆ. ಸ್ಟ್ಯಾನ್ಲಿ ಎಂಗರ್ಮನ್ ಅವರ ಜೊತೆಯಲ್ಲಿ ಬರೆದ 'ಟೈಮ್ ಆನ್ ದಿ ಕ್ರಾಸ್' 1974ರಲ್ಲಿಯೂ, 'ವಿದೌಟ್ ಕನ್ಸೆಂಟ್ ಆರ್ ಕಾಂಟ್ರ್ಯಾಕ್ಟ್' 1989ರಲ್ಲಿಯೂ ಪ್ರಕಟವಾದವು. 1993ರಲ್ಲಿ ಫೋಗೆಲ್ ಅವರಿಗೆ ಡಗ್ಲಸ್ ನಾರ್ತ್ ಅವರೊಂದಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಈ ಗ್ರಂಥಗಳಲ್ಲಿ ಚರ್ಚಿತವಾದ ಹತ್ತಾರು ವಿಷಯಗಳ ಪೈಕಿ ಒಂದು ಮಾತ್ರ, ಗ್ರಂಥಗಳನ್ನು ತೆರೆದು ನೋಡದವರ ಬಾಯಲ್ಲಿಯೂ ನಿಂತುಬಿಟ್ಟಿದೆ. ಹತ್ತಿಯ ಹೊಲದ ಗುಲಾಮನು ವರ್ಷವೊಂದರಲ್ಲಿ ದುಡಿದ ಗಂಟೆಗಳು, ಉತ್ತರದ ಸ್ವತಂತ್ರ ರೈತನು ದುಡಿದ ಗಂಟೆಗಳಿಗಿಂತ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕಡಿಮೆ ಎಂಬುದೇ ಆ ಮಾತು.

ಈ ಲೆಕ್ಕ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಭಾನುವಾರಗಳಂದು ಸಾಮಾನ್ಯವಾಗಿ ಹೊಲದ ಕೆಲಸ ನಿಲ್ಲುತ್ತಿತ್ತು. ಮಳೆಯ ದಿನಗಳೂ ಕಾಯಿಲೆಯ ದಿನಗಳೂ ಕಳೆಯುತ್ತಿದ್ದವು. ಉತ್ತರದ ರೈತನ ಕೊಟ್ಟಿಗೆಯಲ್ಲಿ ಹಸುಗಳಿದ್ದವು. ಹಸುವಿಗೆ ಭಾನುವಾರವಿಲ್ಲ, ಚಳಿಗಾಲವೂ ಇಲ್ಲ. ಫೋಗೆಲ್ ಅವರ ಉದ್ದೇಶವೂ ಗುಲಾಮಗಿರಿಯ ಸಮರ್ಥನೆಯಾಗಿರಲಿಲ್ಲ. ಕರಿಯರು ಸ್ವಭಾವತಃ ಸೋಮಾರಿಗಳು ಎಂಬ ನಿಂದೆಯನ್ನು ಅಳಿಸಬೇಕೆಂಬುದೇ ಅವರ ಆಶಯವಾಗಿತ್ತು. ಎರಡನೆಯ ಕೃತಿಯ ಹೆಸರೇ 'ಒಪ್ಪಿಗೆಯಿಲ್ಲದೆ, ಒಪ್ಪಂದವಿಲ್ಲದೆ' ಎಂದು ಅರ್ಥ ಕೊಡುತ್ತದೆ.

ಆದರೆ ಅದೇ ಗ್ರಂಥ ಹೇಳುವ ಇನ್ನೊಂದು ಮಾತನ್ನು ಮೊದಲನೆಯದರಿಂದ ಕಿತ್ತು ದೂರವಿಟ್ಟುದರಿಂದ ಅನರ್ಥವಾಯಿತು. ತಂಡ ಕಟ್ಟಿ ದುಡಿಸುವ ದೊಡ್ಡ ಪ್ಲಾಂಟೇಷನ್ನುಗಳಲ್ಲಿ, ಸ್ವತಂತ್ರ ರೈತನು ಒಂದು ಗಂಟೆಯಲ್ಲಿ ಮಾಡುವಷ್ಟು ಉತ್ಪಾದನೆಯನ್ನು ಗುಲಾಮನಿಂದ ಸುಮಾರು 35 ನಿಮಿಷಗಳಲ್ಲಿ ಹೊರಡಿಸಲಾಗುತ್ತಿತ್ತು ಎಂದು ಫೋಗೆಲ್ ಲೆಕ್ಕಹಾಕಿದ್ದಾರೆ. ಗಂಟೆಗಳು ಕಡಿಮೆಯಾದುದು ಒಡೆಯನ ಕರುಣೆಯಿಂದಲ್ಲ. ಅಂಥ ವೇಗದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಯಾವ ದೇಹವೂ ನಡೆಯಲಾರದು. ಈ ಎರಡು ಅಂಕಿಗಳನ್ನು ಕೂಡಿಸಿ ಓದಿದರೆ ಅವು ಗುಲಾಮಗಿರಿಯ ಮೇಲಿನ ಆರೋಪಪಟ್ಟಿ. ಮೊದಲನೆಯದನ್ನಷ್ಟೇ ಓದಿದರೆ ಅದರ ವಕಾಲತ್ತು.

ಆ ವೇಗ ಹೇಗೆ ಬರುತ್ತಿತ್ತೆಂಬುದನ್ನು ತಿಳಿಯಲು ಲೆಕ್ಕದ ಪುಸ್ತಕಕ್ಕಿಂತ ಸಾಲೊಮನ್ ನಾರ್ಥಪ್ ಉತ್ತಮ ಸಾಕ್ಷಿ. ನ್ಯೂಯಾರ್ಕಿನ ಸ್ವತಂತ್ರ ಪ್ರಜೆಯಾಗಿದ್ದ ಆತನನ್ನು 1841ರಲ್ಲಿ ಮೋಸದಿಂದ ಅಪಹರಿಸಿ ಲೂಸಿಯಾನಾದಲ್ಲಿ ಮಾರಲಾಯಿತು. 1853ರಲ್ಲಿ ಬಿಡುಗಡೆಯಾದ ಮೇಲೆ ಆತ ತನ್ನ ಕಥೆಯನ್ನು ಲೋಕಕ್ಕೆ ತಿಳಿಸಿದ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಕು ಹರಿಯುವಾಗಲೇ ಹೊಲದಲ್ಲಿರಬೇಕು. ಮಧ್ಯಾಹ್ನ ತಣ್ಣನೆಯ ಆಹಾರವನ್ನು ನುಂಗಲು ಹತ್ತು ಹದಿನೈದು ನಿಮಿಷ ಬಿಡುವು. ಮತ್ತೆ ಕತ್ತಲಾಗುವ ತನಕ ಬೆನ್ನು ನೆಟ್ಟಗಾಗುವಂತಿಲ್ಲ. ಹುಣ್ಣಿಮೆ ಬಂದರೆ ಬೆಳದಿಂಗಳಲ್ಲಿಯೂ ಕೆಲಸ. ಸಾಧಾರಣ ಆಳಿಗೆ ದಿನಕ್ಕೆ 200 ಪೌಂಡು ಹತ್ತಿ ಎಂಬ ನಿಯಮ. ಹೊಲದಿಂದ ಬುಟ್ಟಿ ಹೊತ್ತು ಜಿನ್ನಿನ ಮನೆಗೆ ಬಂದು ತೂಕಕ್ಕೆ ನಿಲ್ಲುವ ಹೊತ್ತೇ ಅತ್ಯಂತ ಭಯದ ಹೊತ್ತು. ತೂಕ ಕಡಿಮೆ ಬಂದರೆ ಚಾಟಿಯೇಟು. ಹೆಚ್ಚು ಬಂದರೆ ನಾಳೆಯಿಂದ ಆ ಹೆಚ್ಚೇ ನಿಯಮ. ಅದಾದ ಮೇಲೆ ಹೇಸರಗತ್ತೆಗಳಿಗೆ ಮೇವು ಹಾಕಬೇಕು, ಸೌದೆ ಸೀಳಬೇಕು, ಮರುದಿನದ ಜೋಳವನ್ನು ಬೀಸಿಕೊಳ್ಳಬೇಕು. ಮಲಗಿದರೆ, ಎಲ್ಲಿ ಎಚ್ಚರವಾಗದೋ ಎಂಬ ಅಂಜಿಕೆ.

ಬೀಸುವ ಕಲ್ಲಿನ ಮುಂದೆ ಕಳೆದ ಆ ರಾತ್ರಿಯ ಗಂಟೆಯನ್ನು ಹೊಲದ ಗಂಟೆಗಳ ಯಾವ ಪಟ್ಟಿ ಹಿಡಿದಿಟ್ಟೀತು? ಉತ್ತರದ ರೈತನ ಹೆಂಡತಿಯ ಅಡುಗೆ-ನೂಲುಗಳ ಗಂಟೆಯೂ ಎಣಿಕೆಗೆ ಸೇರುವುದು ಕಷ್ಟವೇ, ನಿಜ. ಆದರೆ ಆಕೆ ತನ್ನ ಮನೆಯ ಒಲೆಯ ಮುಂದಿದ್ದಳು; ತನ್ನ ಮಕ್ಕಳು ನಾಳೆ ಮಾರಾಟವಾಗುವರೆಂಬ ಭಯ ಆಕೆಗಿರಲಿಲ್ಲ.

ಅಂಕಿಯನ್ನು ಯಾವ ಕಡೆಯಿಂದ ನೋಡುತ್ತೇವೆಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆಂಬುದನ್ನು ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ ಬೇಗನೆ ಕಂಡರು. ಲೂಸಿಯಾನಾದ ಬೆನೆಟ್ ಬ್ಯಾರೋ ಎಂಬ ಒಡೆಯನ ದಿನಚರಿಯನ್ನು ಆಧರಿಸಿ 'ಟೈಮ್ ಆನ್ ದಿ ಕ್ರಾಸ್', ಆಳೊಬ್ಬನಿಗೆ ವರ್ಷಕ್ಕೆ ಸರಾಸರಿ 0.7 ಬಾರಿ ಚಾಟಿಯೇಟು ಬೀಳುತ್ತಿತ್ತೆಂದು ಬರೆದಿತ್ತು. ಕೇಳಲು ಅಲ್ಪವೆನಿಸುವ ಸಂಖ್ಯೆ. 1975ರ ತಮ್ಮ ವಿಮರ್ಶೆಯಲ್ಲಿ ಗಟ್‌ಮನ್ ಅದೇ ದಿನಚರಿಯನ್ನು ಬೇರೆ ರೀತಿಯಲ್ಲಿ ಎಣಿಸಿದರು: ಆ ಜಮೀನಿನಲ್ಲಿ ನಾಲ್ಕೈದು ದಿನಗಳಿಗೊಮ್ಮೆ ಯಾರಾದರೊಬ್ಬರಿಗೆ ಏಟು ಬೀಳುತ್ತಿತ್ತು, ಉಳಿದವರೆಲ್ಲರೂ ಅದನ್ನು ಅರಿತಿರುತ್ತಿದ್ದರು. ಹಿಂಸೆಯು ಬಿದ್ದ ಬೆನ್ನಿನಲ್ಲಿ ಮಾತ್ರ ಇರುವುದಿಲ್ಲವಷ್ಟೆ.

ಗಂಟೆಗಳಿಗೆ ಮಿತಿ ಹಾಕುವ ಶಾಸನವೂ ಒಂದುಂಟು. ದಕ್ಷಿಣ ಕೆರೊಲಿನಾದ 1740ರ ಕಾಯಿದೆಯು ಗುಲಾಮರನ್ನು ಮಾರ್ಚಿಯಿಂದ ಸೆಪ್ಟೆಂಬರಿನವರೆಗೆ ದಿನಕ್ಕೆ 15 ಗಂಟೆಗಳಿಗೂ, ಉಳಿದ ತಿಂಗಳುಗಳಲ್ಲಿ 14 ಗಂಟೆಗಳಿಗೂ ಮೀರಿ ದುಡಿಸಬಾರದೆಂದು ವಿಧಿಸಿತು. ಹಿಂದಿನ ವರ್ಷವೇ ಸ್ಟೋನೋ ನದಿಯ ಬಳಿ ಗುಲಾಮರು ದಂಗೆ ಎದ್ದಿದ್ದರೆಂಬುದನ್ನು ನೆನೆದರೆ ಈ ದಯೆಯ ಮೂಲ ತಿಳಿಯುತ್ತದೆ.

ಈ ವಾದದಲ್ಲಿ ಗುಲಾಮರ ಅಭಿಪ್ರಾಯವನ್ನೇ ಕೇಳಲು ಸಾಧ್ಯವಿದ್ದಿದ್ದರೆ! ಒಂದರ್ಥದಲ್ಲಿ ಅದು ಸಾಧ್ಯವಾಗಿದೆ. 1865ರಲ್ಲಿ ಬಿಡುಗಡೆಯಾದ ಕೂಡಲೇ ಅವರು ತಮ್ಮ ಗಂಟೆಗಳನ್ನು ಏನು ಮಾಡಿದರೆಂಬುದನ್ನು ರೋಜರ್ ರ‍್ಯಾನ್ಸಮ್ ಮತ್ತು ರಿಚರ್ಡ್ ಸಚ್ ಅವರು 'ಒನ್ ಕೈಂಡ್ ಆಫ್ ಫ್ರೀಡಮ್' ಎಂಬ 1977ರ ಕೃತಿಯಲ್ಲಿ ಅಳೆದಿದ್ದಾರೆ. ತಲೆಯೊಂದಕ್ಕೆ ದುಡಿಮೆಯ ಗಂಟೆಗಳು ಶೇಕಡಾ 28ರಿಂದ 37ರಷ್ಟು ಇಳಿದವು. ಹೆಂಗಸರು ಹೊಲವನ್ನು ಭಾಗಶಃ ಬಿಟ್ಟು ಮನೆಯ ಕಡೆ ತಿರುಗಿದರು. ಮಕ್ಕಳನ್ನು ಹೊಲದಿಂದ ಹಿಂದಕ್ಕೆ ಕರೆದುಕೊಂಡರು. ಗಂಡಸರೂ ದಿನವನ್ನು ಚಿಕ್ಕದು ಮಾಡಿಕೊಂಡರು. ಒಡೆಯರು ಇದನ್ನು ಸೋಮಾರಿತನವೆಂದು ಹಳಿದರು. ಸ್ವತಂತ್ರ ಕುಟುಂಬಗಳೆಲ್ಲವೂ ಮಾಡುವುದನ್ನೇ ಇವರೂ ಮಾಡಿದರೆಂಬುದು ಗ್ರಂಥಕರ್ತರ ನಿಲುವು. ಫೋಗೆಲ್ ಅವರ ಹತ್ತನೆಯ ಒಂದು ಪಾಲಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೊಂದಿಲ್ಲ: ಮನುಷ್ಯನೇ ಪರಿಗ್ರಹದ ವಸ್ತುವಾದ ಕಡೆ ಅವನಿಂದ ಹಿಂಡಿದ ಗಂಟೆಗೂ, ರೈತನು ತನ್ನ ಹೊಲಕ್ಕೆ ತಾನೇ ಕೊಟ್ಟ ಗಂಟೆಗೂ ಗಡಿಯಾರ ಒಂದೇ ಆದರೂ ತಕ್ಕಡಿ ಒಂದೇ ಅಲ್ಲ.

ಎರಡೂ ಕಡೆಯ ವಿದ್ವಾಂಸರು ಇನ್ನಷ್ಟು ಹೊತ್ತು ನಿಲ್ಲಬೇಕಾಗಿದ್ದ ಒಂದು ಸ್ಥಳವಿದೆ. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾಗಳ ಕರಾವಳಿಯ ಭತ್ತದ ಗದ್ದೆಗಳಲ್ಲಿ ತಂಡದ ದುಡಿಮೆಯ ಬದಲು ಅಳತೆಯ ಕೆಲಸ ರೂಢಿಯಲ್ಲಿತ್ತು. ಅನೇಕ ಕೆಲಸಗಳಿಗೆ ಆಳೊಬ್ಬನ ಪಾಲು ಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಕೆಸರಿನಲ್ಲಿ, ಜ್ವರದ ಗಾಳಿಯಲ್ಲಿ ಮಾಡುವ ಅತಿ ಕಠಿಣವಾದ ಕೆಲಸ ಅದು. ಆದರೆ ಚುರುಕಾದವನು ಅದನ್ನು ಮುಗಿಸಿದ ಮೇಲೆ ಉಳಿದ ಹಗಲು ಅವನದು. ಆ ಉಳಿಕೆಯ ಹೊತ್ತಿನಲ್ಲಿ ಅವರು ತರಕಾರಿ ಬೆಳೆದರು, ಕೋಳಿ ಹಂದಿಗಳನ್ನು ಸಾಕಿದರು. ಕೆಲವರು ಕುದುರೆಯನ್ನೂ ಹೊಂದಿದರು. ಯುದ್ಧದಲ್ಲಿ ಒಕ್ಕೂಟದ ಸೈನ್ಯವು ಇವನ್ನು ಒಯ್ದಾಗ, 1870ರ ದಶಕದಲ್ಲಿ ಜಾರ್ಜಿಯಾದ ಲಿಬರ್ಟಿ ಕೌಂಟಿಯ ಮಾಜಿ ಗುಲಾಮರು ಸರ್ಕಾರಿ ಆಯೋಗದ ಮುಂದೆ ಹಾಜರಾಗಿ, ಇವು ತಮ್ಮ ಸ್ವಂತ ಹೊತ್ತಿನಲ್ಲಿ ಗಳಿಸಿದುವು ಎಂದು ಪರಿಹಾರ ಕೇಳಿದರು. ಬಿಡುಗಡೆಯಾದ ನಂತರ ಆ ಕರಾವಳಿಯಲ್ಲಿ ಕೂಲಿಯ ಕರಾರು ಬರೆಯುವಾಗಲೂ ಅವರು ಹಿಡಿದ ಹಟ ಒಂದೇ: ಕೆಲಸವನ್ನು ಗಂಟೆಯಿಂದಲ್ಲ, ಹಳೆಯ ಹತ್ತು ಗುಂಟೆಯ ಅಳತೆಯಿಂದಲೇ ಎಣಿಸಬೇಕು.