‘ಸಮಕಾಲೀನ’ ಎಂಬ ವಿಶೇಷಣ: ಒಂದು ವಿಮರ್ಶೆ

ಇಂಗ್ಲಿಷಿನ ‘ಕಂಟೆಂಪೊರರಿ’, ‘ಕಂಟೆಂಪೊರೇನಿಯಸ್’ ಎಂಬ ಎರಡು ವಿಶೇಷಣಗಳೂ ಕಾಲವಾಚಕವಾದ ‘ಟೆಂಪಸ್’ ಎಂಬ ಲ್ಯಾಟಿನ್ ಶಬ್ದದಿಂದ ಹುಟ್ಟಿದವು. ನಮ್ಮ ಚರಿತ್ರೆಯ ಬರೆವಣಿಗೆಯಲ್ಲಿ ಎರಡಕ್ಕೂ ‘ಸಮಕಾಲೀನ’ ಎಂದೇ ಪ್ರಯೋಗಿಸುವುದು ರೂಢಿಯಾಗಿದೆ. ಈ ರೂಢಿಯಿಂದ ಆಧಾರಗಳ ಬೆಲೆಕಟ್ಟುವಲ್ಲಿ ಪ್ರಮಾದವುಂಟಾಗುತ್ತದೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಶಬ್ದವು ಬಹುಮಟ್ಟಿಗೆ ಒಂದೇ ಕಾಲದಲ್ಲಿ ಬಾಳಿದ ವ್ಯಕ್ತಿಗಳಿಗೆ ಸಲ್ಲುತ್ತದೆ. ಯಾರ ಕಾಲವೆಂಬುದನ್ನು ಹೇಳದೆ ಬಳಸಿದಾಗ ಅದಕ್ಕೆ ‘ಇಂದಿನ’ ಎಂಬ ಅರ್ಥವೂ ಬರುತ್ತದೆ. ಎರಡನೆಯದಕ್ಕೆ ಈ ಅರ್ಥವಿಲ್ಲ. ಒಂದು ಘಟನೆ ನಡೆದಾಗಲೇ ಇನ್ನೊಂದು ನಡೆಯಿತು, ಅಥವಾ ಅದರ ದಾಖಲೆಯೂ ಆಗಲೇ ಹುಟ್ಟಿತು ಎಂಬುದನ್ನು ಸೂಚಿಸಲು ಅದು ಹೆಚ್ಚಾಗಿ ಬಳಕೆಯಾಗುತ್ತದೆ. ಇಂಗ್ಲಿಷ್ ಲೇಖಕರೂ ಈ ಭೇದವನ್ನು ಸದಾ ಪಾಲಿಸುವುದಿಲ್ಲವೆಂಬುದು ನಿಜ. ಆದರೆ ಚರಿತ್ರಕಾರನಿಗೆ ಅದು ಉಪೇಕ್ಷಣೀಯವಲ್ಲ.

ವಿಜಯನಗರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೃಷ್ಣದೇವರಾಯನು 1509ರಿಂದ 1529ರವರೆಗೆ ಆಳಿದನು. ಪೋರ್ಚುಗೀಸನಾದ ಪೇಯಸ್ 1520ರ ಸುಮಾರಿನಲ್ಲಿ ರಾಜಧಾನಿಗೆ ಬಂದು, ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದನು. ನೂನಿಜನು ಬರೆದದ್ದಾದರೋ 1535ರ ಸುಮಾರಿನಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ. ಇಬ್ಬರ ವೃತ್ತಾಂತಗಳಿಗೂ ‘ಸಮಕಾಲೀನ’ ಎಂಬ ಒಂದೇ ಮುದ್ರೆಯನ್ನೊತ್ತುವುದು ವಾಡಿಕೆ. ರಾಯಚೂರಿನ ಯುದ್ಧ ನೂನಿಜನ ಜೀವಿತಕಾಲದಲ್ಲಿಯೇ ನಡೆದಿರಬಹುದು. ಆದರೆ ಅದರ ಬಗೆಗೆ ಅವನು ಬರೆದುದು ಯುದ್ಧದ ಕಾಲದ ದಾಖಲೆಯಲ್ಲ. ಅವನು ಆ ಯುದ್ಧಕ್ಕೆ 1522ನೆಯ ವರ್ಷವನ್ನು ಕೊಟ್ಟಿದ್ದಾನೆ. 1900ರಲ್ಲಿ ಈ ವೃತ್ತಾಂತಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಸೂಯೆಲ್ಲರು ಅದು 1520 ಆಗಿರಬೇಕೆಂದು ವಾದಿಸಿದರು. ಇನ್ನು ಹದಿನಾಲ್ಕನೆಯ ಶತಮಾನದ ವಿಜಯನಗರ ಸ್ಥಾಪನೆಯ ವಿಷಯದಲ್ಲಿ ಅದೇ ನೂನಿಜನು ಎರಡು ಶತಮಾನಗಳ ಅನಂತರದ ಐತಿಹ್ಯಸಂಗ್ರಾಹಕನಷ್ಟೆ. ಹೀಗೆ ಒಂದೇ ಗ್ರಂಥದ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಪ್ರಾಮಾಣ್ಯವುಂಟು.

ಘಟನೆಯ ಕಾಲದಲ್ಲಿಯೇ ಬರೆದುದೆಲ್ಲ ಸತ್ಯವೆಂದು ನಾವು ಹೇಳುವುದಿಲ್ಲ. ಕಣ್ಣಾರೆ ಕಂಡವನಿಗೂ ಪಕ್ಷಪಾತವುಂಟು, ತಪ್ಪು ತಿಳಿವಳಿಕೆಯುಂಟು. ಆದರೆ ಕಂಡು ಬರೆದುದಾವುದು, ಕೇಳಿ ಬರೆದುದಾವುದು ಎಂಬುದನ್ನು ಮೊದಲು ಬೇರ್ಪಡಿಸದೆ ಆ ಪರೀಕ್ಷೆಗೆ ತೊಡಗಲು ಸಾಧ್ಯವಿಲ್ಲ.

ಆದುದರಿಂದ ವ್ಯಕ್ತಿಗಳಿಗೆ ‘ಸಮಕಾಲೀನ’ ಎಂಬುದನ್ನೂ, ಘಟನೆ ಮತ್ತು ದಾಖಲೆಗಳಿಗೆ ‘ಸಮಕಾಲಿಕ’ ಎಂಬುದನ್ನೂ ಮೀಸಲಿಡುವುದು ಲೇಸು. ಈ ಕಾಲಕ್ಕೆ ಸೇರಿದ ವಿಷಯಗಳಿಗೆ ‘ಇಂದಿನ’ ಎಂಬ ಅಚ್ಚಗನ್ನಡ ಶಬ್ದವೇ ಸಾಕು. ವಿದ್ಯಾರ್ಥಿಗಳು ಇನ್ನು ಮುಂದೆ ‘ಸಮಕಾಲೀನ ಆಧಾರ’ ಎಂದು ಬರೆಯುವ ಮುನ್ನ ‘ಯಾವುದಕ್ಕೆ ಸಮಕಾಲೀನ?’ ಎಂದು ಕೇಳಿಕೊಂಡರೆ ನಮ್ಮ ಈ ಪ್ರಯತ್ನ ಸಾರ್ಥಕ.